ಊರನ್ನು ಬಳಸಿ ಹೋಗುವ ಹೆದ್ದಾರಿ

ಯಲ್ಲಾಪುರದ ಸಮೀಪ ಮಾಗೋಡಿನಲ್ಲಿ ಬೇಡ್ತಿ ನದಿಯು ಧುಮುಕುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆ ನದಿ ಹರಿದು ಬರುವುದು ಹುಬ್ಬಳ್ಳಿ-ಧಾರವಾಡಗಳ ಕಡೆಯಿಂದ. ಅದೇ ಅವಳಿನಗರವನ್ನು ಬಳಸಿಕೊಂಡು ಒಂದು ಹೆದ್ದಾರಿಯೂ ಹೋಗುತ್ತದೆ. ಬೀಳುವ ನೀರಿಗೂ ಓಡುವ ವಾಹನಕ್ಕೂ ಏನು ಸಂಬಂಧ? ಇದನ್ನು ಈಗ ವಿಚಾರಿಸೋಣ.

ಪುಣೆಯಿಂದ ಬೆಂಗಳೂರಿಗೆ ಸರಕು ಒಯ್ಯುವ ಲಾರಿಗೆ ಹುಬ್ಬಳ್ಳಿಯ ಪೇಟೆಯಲ್ಲಿ ಕೆಲಸವಿಲ್ಲ. ಅದು ಪೇಟೆಯನ್ನು ಹೊಕ್ಕರೆ ಊರಿನವರಿಗೂ ತೊಂದರೆ, ಲಾರಿಗೂ ವಿಳಂಬ. ಆದುದರಿಂದ ಧಾರವಾಡದ ನರೇಂದ್ರದಿಂದ ಹುಬ್ಬಳ್ಳಿಯ ಗಬ್ಬೂರಿನವರೆಗೆ ಸುಮಾರು 30 ಕಿಲೋಮೀಟರು ಉದ್ದದ ಬೈಪಾಸ್ ರಸ್ತೆಯನ್ನು ನಿರ್ಮಿಸಿದರು. ಪೇಟೆಯ ಅಡೆತಡೆ ತಪ್ಪಿತು, ವೇಗ ಹೆಚ್ಚಿತು. ವೇಗದೊಡನೆ ಹೊಸದೊಂದು ಹೊಣೆಯೂ ಬಂದಿತು.

ವೇಗವೂ ಎತ್ತರವೂ

ಚಲಿಸುವ ವಸ್ತುವಿನ ಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುವುದು. ಗಂಟೆಗೆ 40 ಕಿಲೋಮೀಟರು ವೇಗದ ಕಾರಿನ ಶಕ್ತಿಯು ಸುಮಾರು 6 ಮೀಟರು ಎತ್ತರದಿಂದ ಬಿದ್ದ ಕಾರಿನ ಶಕ್ತಿಗೆ ಸಮ. 80 ಕಿಲೋಮೀಟರು ವೇಗವಾದರೆ ಆ ಎತ್ತರ 25 ಮೀಟರು! ಜಲಪಾತದ ಅಂಚಿನಲ್ಲಿ ನಿಂತಾಗ ನಮಗೆ ಸಹಜವಾಗಿಯೇ ಭಯವಾಗುತ್ತದೆ. ನುಣುಪಾದ ರಸ್ತೆಯಲ್ಲಿ ಆ ಭಯ ಹುಟ್ಟುವುದಿಲ್ಲ, ಅಪಾಯವಿರುವುದು ಅಲ್ಲಿಯೇ.

ನಿಲ್ಲಲು ಬೇಕಾದ ದೂರ

ಅಡ್ಡಿಯನ್ನು ಕಂಡು ಬ್ರೇಕನ್ನು ಒತ್ತುವುದಕ್ಕೆ ಚಾಲಕನಿಗೆ ಒಂದೂವರೆ ಸೆಕೆಂಡು ಹಿಡಿಯುವುದೆನ್ನೋಣ. ಬ್ರೇಕು ಹಿಡಿದ ಬಳಿಕ ವೇಗವು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 5 ಮೀಟರಿನಷ್ಟು ಕುಗ್ಗಲಿ. ಆಗ 40 ಕಿಲೋಮೀಟರು ವೇಗದ ಕಾರು ಸುಮಾರು 29 ಮೀಟರಿನಲ್ಲಿ ನಿಲ್ಲುತ್ತದೆ. 80 ಕಿಲೋಮೀಟರು ವೇಗದ್ದಕ್ಕೆ ಸುಮಾರು 83 ಮೀಟರು ಬೇಕು. ಮಳೆಯಿಂದ ರಸ್ತೆಯ ಹಿಡಿತ ಅರ್ಧಕ್ಕಿಳಿದರೆ ಬ್ರೇಕಿನ ಪಾಲಿನ ದೂರವು ಇಮ್ಮಡಿಯಾಗುತ್ತದೆ.

ಮುಂದಿನ ವಾಹನವನ್ನು ದಾಟುವುದು

ನಮ್ಮ ಮುಂದೆ 60 ಕಿಲೋಮೀಟರು ವೇಗದಲ್ಲಿ ಲಾರಿಯೊಂದು ಹೋಗುತ್ತಿದೆ. ನಮ್ಮ ವೇಗ 80. ಲಾರಿಯ ಹಿಂದಿನ ಅಂತರ 20 ಮೀಟರು, ಅದರ ಉದ್ದ 10, ಮುಂದಿನ ಅಂತರ 20. ಒಟ್ಟು 50 ಮೀಟರನ್ನು ನಾವು ಹೆಚ್ಚಾಗಿ ಕ್ರಮಿಸಬೇಕು. ವೇಗಗಳ ವ್ಯತ್ಯಾಸ 20 ಕಿಲೋಮೀಟರು ಮಾತ್ರವಾದುದರಿಂದ ಇದಕ್ಕೆ 9 ಸೆಕೆಂಡು ಹಿಡಿಯುವುದು. ಅಷ್ಟರಲ್ಲಿ ನಾವು 200 ಮೀಟರು ಮುಂದೆ ಹೋಗಿರುತ್ತೇವೆ. ಎದುರಿನಿಂದ ಅದೇ ವೇಗದಲ್ಲಿ ಬರುವ ವಾಹನವೂ 200 ಮೀಟರು ಬಂದಿರುತ್ತದೆ. ಎಂದರೆ, ಕಣ್ಣೆದುರಿಗೆ 400 ಮೀಟರು ತೆರವಾದ ರಸ್ತೆ ಕಾಣದಿದ್ದರೆ ದಾಟಲು ತೊಡಗುವುದು ಜೂಜಾಡಿದಂತೆ.

ಹುಬ್ಬಳ್ಳಿ-ಧಾರವಾಡ ಬೈಪಾಸ್ ಹಲವು ವರ್ಷ ಮಧ್ಯದ ವಿಭಜಕವಿಲ್ಲದ ದ್ವಿಪಥವಾಗಿತ್ತು. 2021ರ ಜನವರಿ 15ರಂದು ಇಟಿಗಟ್ಟಿಯ ಬಳಿ ಟೆಂಪೋ ಮತ್ತು ಟಿಪ್ಪರುಗಳು ಡಿಕ್ಕಿಯಾಗಿ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಮಹಿಳೆಯರೂ ಸೇರಿ ಹತ್ತಕ್ಕೂ ಹೆಚ್ಚು ಮಂದಿ ಮಡಿದರು. ರಸ್ತೆಯನ್ನು ಷಟ್ಪಥವಾಗಿಸುವ ಕಾಮಗಾರಿಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ಹೋಗುವ ಮತ್ತು ಬರುವ ಪಥಗಳನ್ನು ವಿಭಜಕವು ಬೇರ್ಪಡಿಸಿದರೆ ನಮ್ಮ 400 ಮೀಟರಿನ ಲೆಕ್ಕದ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಆದರೆ ಎಷ್ಟೇ ಅಗಲವಾದ ಹೆದ್ದಾರಿಯಲ್ಲಿಯೂ ಕೆಲವು ನಿಯಮಗಳು ತಪ್ಪವು. ಹೆದ್ದಾರಿಯನ್ನು ಸೇರುವಾಗ ಹಿಂದಿನಿಂದ ಬರುವ ವಾಹನಗಳನ್ನು ನೋಡಿ, ಅವುಗಳ ವೇಗಕ್ಕೆ ಹೊಂದಿಕೊಂಡು ಸೇರಬೇಕು. ಇಳಿಯಬೇಕಾದ ತಿರುವು ತಪ್ಪಿದರೆ ಹಿಂದಕ್ಕೆ ಚಲಿಸದೆ ಮುಂದಿನ ತಿರುವಿನವರೆಗೂ ಹೋಗಬೇಕು. ಕೆಲವು ನಿಮಿಷ ವ್ಯರ್ಥವಾದೀತು, ಜೀವ ಉಳಿದೀತು.

ಅಭ್ಯಾಸ: ಮೇಲಿನ ಲೆಕ್ಕದಂತೆ, 60 ಕಿಲೋಮೀಟರು ವೇಗದ ಕಾರು ನಿಲ್ಲಲು ಎಷ್ಟು ದೂರ ಬೇಕು? (ಉತ್ತರ: ಸುಮಾರು 53 ಮೀಟರು.)