ಹಲಗೆಯ ಹಿಂದೆ ಬೆಳಕು: ಮೊದಲ ಬಾರಿ ಮಾಡುವವರಿಗೆ

ಹಜಾರದ ಒಂದು ಗೋಡೆ ಸಂಜೆಯ ಹೊತ್ತು ಮೃದುವಾಗಿ ಬೆಳಗಬೇಕೆಂಬ ಆಸೆ ನಿಮಗಿದ್ದು, ಎಲ್ಲಿಂದ ಆರಂಭಿಸಬೇಕೆಂದು ತಿಳಿಯದಿದ್ದರೆ ಈ ಪಾಠ ನಿಮಗಾಗಿಯೇ. ಮುಂಚಿನ ತಿಳಿವಳಿಕೆ ಏನೂ ಬೇಡ. ನಾವು ಮಾಡಹೊರಟಿರುವುದು ಇಷ್ಟೇ: 5 ಅಡಿ ಅಗಲ, 3 ಅಡಿ ಎತ್ತರದ ಒಂದು ಪ್ಲೈವುಡ್ ಹಲಗೆಯನ್ನು ಗೋಡೆಯಿಂದ 2 ಅಂಗುಲ ಮುಂದಕ್ಕೆ ನಿಲ್ಲಿಸಿ, ಅದರ ಬೆನ್ನಿಗೆ ಎಲ್‌ಇಡಿ ಪಟ್ಟಿಯನ್ನು ಅಡಗಿಸುವುದು. ಬೆಳಕು ಹಲಗೆಯ ನಾಲ್ಕೂ ಅಂಚಿನಿಂದ ಗೋಡೆಯ ಮೇಲೆ ಹರಡುತ್ತದೆ.

ಒಂದು ತತ್ವವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಇಲ್ಲಿ ನಾವು ನೋಡುವುದು ದೀಪವನ್ನಲ್ಲ, ಬೆಳಕು ಬಿದ್ದ ಗೋಡೆಯನ್ನು. ಆದ್ದರಿಂದ ದೀಪದ ಆಯ್ಕೆಗಿಂತ ಮೊದಲು ಗೋಡೆಯ ಪರೀಕ್ಷೆ ಆಗಬೇಕು. ರಾತ್ರಿ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಓರೆಯಾಗಿ ಬೆಳಕು ಬಿಡಿ. ಹಗಲಿನಲ್ಲಿ ಸಮತಟ್ಟಾಗಿ ಕಂಡ ಗಾರೆಯ ಉಬ್ಬುತಗ್ಗುಗಳೆಲ್ಲ ನೆರಳಾಗಿ ಎದ್ದು ಕಾಣುತ್ತವೆ. ಓರೆ ಬೆಳಕಿನ ಸ್ವಭಾವವೇ ಅದು. ಉಬ್ಬುತಗ್ಗು ಹೆಚ್ಚಿದ್ದರೆ ಪುಟ್ಟಿ ಹಚ್ಚಿ, ಉಜ್ಜಿ ಸರಿಪಡಿಸಿಕೊಳ್ಳಿ. ಕರಾವಳಿಯ ಮುರಕಲ್ಲಿನ ಗೋಡೆಯಂತೆ ಒರಟುತನವೇ ಚೆಲುವಾಗಿದ್ದರೆ ಹಾಗೆಯೇ ಬಿಡಿ. ಈ ಬೆಳಕಿನಲ್ಲಿ ಅದು ಇನ್ನೂ ಸೊಗಸಾಗಿ ಕಾಣುತ್ತದೆ. ಬಣ್ಣ ಮಾತ್ರ ಹೊಳಪಿಲ್ಲದ ಮ್ಯಾಟ್ ಬಗೆಯದಾಗಿರಲಿ. ಹೊಳಪಿನ ಬಣ್ಣ ಕನ್ನಡಿಯ ಕೆಲಸ ಮಾಡಿ, ಅಡಗಿಸಿಟ್ಟ ಎಲ್‌ಇಡಿಯ ಚುಕ್ಕೆಗಳನ್ನು ತೋರಿಸಿಬಿಡುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಯನ್ನು ಆರಿಸಿಕೊಳ್ಳದಿರುವುದು ಒಳ್ಳೆಯದು.

ಇನ್ನು ಹಲಗೆ. 12 ಮಿ.ಮೀ. ದಪ್ಪದ ಪ್ಲೈವುಡ್ ಸಾಕು. ಪ್ಲೈವುಡ್ ಮೇಲೆ ಐಎಸ್ 710 ಎಂಬ ಗುರುತಿದ್ದರೆ ಅದು ನೀರನ್ನು ಚೆನ್ನಾಗಿ ತಡೆಯುವ ಮರೈನ್ ದರ್ಜೆಯದು ಎಂದರ್ಥ. ಈ ಅಳತೆಯ ಹಲಗೆ ಸುಮಾರು 10 ಕಿಲೋ ತೂಗುತ್ತದೆ, ಅಂಟನ್ನು ನಂಬುವಂತಿಲ್ಲ. ಬಡಗಿಗಳು ರೀಪರ್ ಎನ್ನುವ 2 ಅಂಗುಲದ ಮರದ ಪಟ್ಟಿಗಳಿಂದ, ಹಲಗೆಗಿಂತ ಚಿಕ್ಕದಾದ ಚೌಕಟ್ಟು ಮಾಡಿ, ಗೋಡೆಗೆ ಪ್ಲಗ್ ಮತ್ತು ಸ್ಕ್ರೂ ಹಾಕಿ ಬಿಗಿಯಬೇಕು. ಹಲಗೆ ಅದರ ಮೇಲೆ ಕೂರುತ್ತದೆ. ಗೋಡೆಗೂ ಹಲಗೆಗೂ ನಡುವಿನ ಈ 2 ಅಂಗುಲವನ್ನು ಕಡಿಮೆ ಮಾಡಬೇಡಿ. ಅಂತರ ಅರ್ಧ ಅಂಗುಲಕ್ಕೆ ಇಳಿದರೆ ಬೆಳಕು ಹರಡದೆ ಚೂಪಾದ ಗೆರೆಯಾಗಿ ನಿಲ್ಲುತ್ತದೆ.

ಹೊಸಬರು ಸಾಮಾನ್ಯವಾಗಿ ಗಮನಿಸದ ವಿಷಯವೊಂದಿದೆ: ಹಿಂದಿನಿಂದ ಬರುವ ಬೆಳಕು ಹಲಗೆಯ ಮುಖವನ್ನು ಬೆಳಗುವುದಿಲ್ಲ, ಮುಖ ಕಪ್ಪಾಗಿಯೇ ಕಾಣುತ್ತದೆ. ಗಾಢ ಬಣ್ಣದ ಮರದ ಮುಖಕ್ಕೆ ಇದು ಬಹಳ ಒಪ್ಪುತ್ತದೆ. ಆದರೆ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಗೆರೆ ಎಳೆದ ಹಸೆ ಚಿತ್ತಾರವನ್ನು ಅಲ್ಲಿ ಬರೆಸುವುದಾದರೆ, ಚಾವಣಿಯಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳುವ ಇನ್ನೊಂದು ಸಣ್ಣ ದೀಪ ಬೇಕಾಗುತ್ತದೆ.

ಈಗ ಎಲ್‌ಇಡಿ ಪಟ್ಟಿಗೆ ಬರೋಣ. ಅಂಗಡಿಯಲ್ಲಿ ಮೂರು ವಿಷಯ ಕೇಳಿ. ಮೊದಲನೆಯದು ಬೆಳಕಿನ ಛಾಯೆ. ಇದನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 3000 ಕೆಲ್ವಿನ್ ಹಳದಿ ಬೆರೆತ ಬೆಚ್ಚನೆಯ ಬೆಳಕು, 6500 ನೀಲಿ ಬೆರೆತ ಟ್ಯೂಬ್‌ಲೈಟಿನ ಬಿಳಿ. ಮನೆಯ ಸಂಜೆಗೆ 3000 ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯದು ಸಿಆರ್‌ಐ, ಅಂದರೆ ವಸ್ತುಗಳ ಬಣ್ಣವನ್ನು ಬೆಳಕು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ. ನಾವು ಬಳಸುವ ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕು; ಅದರ ಮೇಲಿನ ಹಳದಿ ಲೇಪನ ಸೇರಿ ಬಿಳಿಯಾಗುತ್ತದೆ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಅಗ್ಗದ ಪಟ್ಟಿಗಳಲ್ಲಿ ಕೆಂಪಿನ ಅಂಶ ಕಡಿಮೆ, ಹಾಗಾಗಿ ಮರದ ಕೆಂಪು ಮಂಕಾಗುತ್ತದೆ. ಸಿಆರ್‌ಐ 90 ಅಥವಾ ಹೆಚ್ಚಿರಲಿ. ಮೂರನೆಯದು ವೋಲ್ಟೇಜು. ಪಟ್ಟಿಗಳು 12 ಮತ್ತು 24 ವೋಲ್ಟಿನಲ್ಲಿ ಸಿಗುತ್ತವೆ. ಪಟ್ಟಿಯ ತೆಳು ತಾಮ್ರದಲ್ಲಿ ಕರೆಂಟು ಸಾಗುತ್ತ ಹೋದಂತೆ ವೋಲ್ಟೇಜು ಇಳಿದು, ಕೊನೆಯ ಭಾಗ ಮಬ್ಬಾಗುತ್ತದೆ. 24ರಲ್ಲಿ ಅಷ್ಟೇ ವ್ಯಾಟ್‌ಗೆ ಅರ್ಧ ಕರೆಂಟು ಸಾಕು, ಮಬ್ಬೂ ಕಡಿಮೆ. ಅದನ್ನೇ ಕೊಳ್ಳಿ.

ಲೆಕ್ಕ ಸುಲಭ. ಪಟ್ಟಿಯನ್ನು ಅಂಚಿನಿಂದ 2 ಅಂಗುಲ ಒಳಗೆ ಸುತ್ತಲೂ ಹಾಯಿಸಿದರೆ ಸುಮಾರು ನಾಲ್ಕೂವರೆ ಮೀಟರ್ ಬೇಕು. 5 ಮೀಟರಿನ ಒಂದು ಸುರುಳಿ ಸಾಕು. ಮೀಟರಿಗೆ 10 ವ್ಯಾಟ್ ಎಂದರೆ ಒಟ್ಟು 45 ವ್ಯಾಟ್. ಮನೆಯ 230 ವೋಲ್ಟನ್ನು 24ಕ್ಕೆ ಇಳಿಸಿಕೊಡುವ ಪೆಟ್ಟಿಗೆಗೆ ಡ್ರೈವರ್ ಎನ್ನುತ್ತಾರೆ. ಅದಕ್ಕೆ ಸ್ವಲ್ಪ ಬಿಡುವು ಬೇಕು, ಆದ್ದರಿಂದ 60 ವ್ಯಾಟಿನದನ್ನು ತನ್ನಿ. ಡ್ರೈವರನ್ನು ಹಲಗೆಯ ಹಿಂದೆ ಮುಚ್ಚಿಡಬೇಡಿ. ಗಾಳಿಯಾಡುವ, ಕೈಗೆ ಎಟಕುವ ಜಾಗದಲ್ಲಿರಲಿ. ಪಟ್ಟಿಯನ್ನೂ ನೇರವಾಗಿ ಮರಕ್ಕೆ ಅಂಟಿಸದೆ, ಹಾಲುಬಿಳಿ ಮುಚ್ಚಳವಿರುವ ಅಲ್ಯುಮಿನಿಯಂ ಪ್ರೊಫೈಲ್‌ನೊಳಗೆ ಕೂರಿಸಿ. ಲೋಹ ಬಿಸಿಯನ್ನು ಹೀರುತ್ತದೆ, ಮುಚ್ಚಳ ಚುಕ್ಕೆಗಳನ್ನು ಕರಗಿಸುತ್ತದೆ. ಮೂಲೆಯಲ್ಲಿ ಪಟ್ಟಿಯನ್ನು ಅಡ್ಡಡ್ಡಲಾಗಿ ಬಗ್ಗಿಸಬಾರದು. ತಾಮ್ರದ ಗುರುತಿರುವಲ್ಲಿ ಕತ್ತರಿಸಿ, ತಂತಿಯಿಂದ ಜೋಡಿಸಬೇಕು. ಬೆಳಕನ್ನು ಹೆಚ್ಚುಕಡಿಮೆ ಮಾಡುವ ಆಸೆಯಿದ್ದರೆ ಫ್ಯಾನಿನ ರೆಗ್ಯುಲೇಟರ್ ಹಾಕಬೇಡಿ, ಎಲ್‌ಇಡಿ ಪಟ್ಟಿಗೆಂದೇ ಇರುವ ಡಿಮ್ಮರ್ ಕೇಳಿ.

24 ವೋಲ್ಟಿನ ಕೆಲಸವನ್ನು ನೀವೇ ಮಾಡಬಹುದು. 230 ವೋಲ್ಟಿನದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ; ಈ ಮಾತಿನಲ್ಲಿ ರಿಯಾಯಿತಿ ಇಲ್ಲ. ಗೋಡೆ ಕೊರೆಯುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ. ವೈರಿನ ಪೈಪು ಸಾಮಾನ್ಯವಾಗಿ ಅಲ್ಲಿಯೇ ಹಾದುಹೋಗಿರುತ್ತದೆ.

ಕೊರೆಯುವ ಮುನ್ನ ಒಂದು ಸಂಜೆಯನ್ನು ಪ್ರಯೋಗಕ್ಕೆ ಮೀಸಲಿಡಿ. ಹಲಗೆಯನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿ, ನಡುವೆ ರೀಪರ್ ತುಂಡುಗಳನ್ನಿಟ್ಟು, ಪಟ್ಟಿಯನ್ನು ಟೇಪಿನಿಂದ ಹಚ್ಚಿ ಬೆಳಗಿಸಿ. ನೀವು ದಿನವೂ ಕೂರುವ ಕುರ್ಚಿಯಲ್ಲಿ ಕುಳಿತು ನೋಡಿ, ನೆಲದ ಮೇಲೆ ಕುಳಿತೂ ನೋಡಿ. ಎಲ್ಲಿಂದಲೂ ಪಟ್ಟಿ ಕಣ್ಣಿಗೆ ಬೀಳಬಾರದು. ಬಿದ್ದರೆ ಇನ್ನೊಂದು ಅಂಗುಲ ಒಳಗೆ ಸರಿಸಿ.

ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 6 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಸಾಮಾನ್ಯವಾಗಿ ಎಲ್‌ಇಡಿಗಿಂತ ಮೊದಲು ಕೆಡುವುದು ಡ್ರೈವರ್. ಕೆಲಸ ಮುಗಿದ ದಿನವೇ ಅದರ ವೋಲ್ಟ್, ವ್ಯಾಟ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಮೇನ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿಡಿ.