ಮೌನದ ಹಡಗುಗಳು

ಯುದ್ಧನೌಕೆಗೆ ಮುಖ್ಯವಾಗಿ ಬೇಕಾದುದೇನೆಂದು ನಮ್ಮ ಬಾಲಿಕೆಯರನ್ನು ಕೇಳಿದರೆ ಫಿರಂಗಿಯೆಂದೋ ವೇಗವೆಂದೋ ಹೇಳುವರು. ಬ್ರಿಟನ್ನಿನ ‘ಟೈಪ್ 23’ ಎಂಬ ಮಾದರಿಯ ಫ್ರಿಗೇಟುಗಳಿಗಾದರೋ ಮೌನವೇ ಮುಖ್ಯವಾಗಿತ್ತು. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಸೋವಿಯತ್ ಜಲಾಂತರ್ಗಾಮಿಗಳನ್ನು ಪತ್ತೆಮಾಡುವುದಕ್ಕಾಗಿ ಅವುಗಳನ್ನು ಯೋಜಿಸಿದರು. ಉದ್ದವಾದ ಕೇಬಲಿಗೆ ಕಟ್ಟಿದ ಶಬ್ದಗ್ರಾಹಕಗಳನ್ನು ಹಡಗು ತನ್ನ ಹಿಂದೆ ನೀರಿನಲ್ಲಿ ಎಳೆದುಕೊಂಡು ಹೋಗಬೇಕು. ತಾನೇ ಗದ್ದಲವೆಬ್ಬಿಸಿದರೆ ಪರರ ಸದ್ದು ಕೇಳೀತೆ? (ತರಗತಿಯಲ್ಲಿಯೂ ಹಾಗೆಯೇ ಎಂಬುದನ್ನು ನಾನು ಬೇರೆ ಹೇಳಬೇಕಾದುದಿಲ್ಲ.) ಆದಕಾರಣ ಮೆಲ್ಲನೆ ಸಾಗುವಾಗ ಹಲ್ಲುಚಕ್ರಗಳ ಗೊಡವೆಯಿಲ್ಲದೆ ವಿದ್ಯುತ್ತಿನ ಮೋಟಾರುಗಳೇ ಹಡಗನ್ನು ನಡೆಸುವುವು, ವೇಗ ಬೇಕಾದಾಗ ಮಾತ್ರ ಗ್ಯಾಸ್ ಟರ್ಬೈನುಗಳು ಕೂಡಿಕೊಳ್ಳುವುವು.

1990ರಿಂದ 2002ರೊಳಗೆ ಇಂಥ 16 ನೌಕೆಗಳು ಸೇವೆಗೆ ಸೇರಿದವು. ಒಂದೊಂದರ ಆಯುಷ್ಯವು 18 ವರುಷವೆಂದು ಎಣಿಸಲ್ಪಟ್ಟಿತ್ತು. ಮೂರನ್ನು ಚಿಲಿ ದೇಶಕ್ಕೆ ಮಾರಿದರು. ಉಳಿದ 13ಕ್ಕೆ ಬದಲು ಹಡಗುಗಳನ್ನು ಕಟ್ಟುವ ಕಾರ್ಯವು ಮಾತ್ರ ವರುಷದಿಂದ ವರುಷಕ್ಕೆ ಮುಂದೆ ಹೋಯಿತು. ‘ಟೈಪ್ 26’ರಲ್ಲಿ ಮೊದಲನೆಯದಾದ ‘ಗ್ಲಾಸ್ಗೋ’ ನೌಕೆಗೆ ಉಕ್ಕನ್ನು ಕತ್ತರಿಸಿದ್ದು 2017ರಲ್ಲಿ. ಅದು ನೀರಿಗಿಳಿದದ್ದು 2022ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ಹಳೆಯವುಗಳ ಒಡಲು ಉಪ್ಪುನೀರಿಗೆ ಸವೆದು, ದುರಸ್ತಿಯ ವೆಚ್ಚವು ಏರುತ್ತ ಬಂದಿತು. ‘ವೆಸ್ಟ್‌ಮಿನ್‌ಸ್ಟರ್’ ನೌಕೆಯನ್ನು ದುರಸ್ತಿಗೆ ತಂದು ನೋಡಿದಾಗ, ತಗಲುವ ಹಣಕ್ಕೆ ಅದು ತಕ್ಕುದಲ್ಲವೆಂದು ಕಂಡಿತು. ಅದನ್ನೂ ‘ಆರ್ಗೈಲ್’ ನೌಕೆಯನ್ನೂ ಸೇವೆಯಿಂದ ಬಿಡಿಸುವುದಾಗಿ ಸರಕಾರವು 2024ರಲ್ಲಿ ಪ್ರಕಟಿಸಿತು.

ಹದಿಮೂರಕ್ಕೆ ಪ್ರತಿಯಾಗಿ ‘ಟೈಪ್ 26’ ಎಂಟು, ‘ಟೈಪ್ 31’ ಐದು. ಕಾಗದದ ಮೇಲಿನ ಲೆಕ್ಕವೇನೋ ಸರಿಯಾಯಿತು. ಆದರೆ 2025ನೆಯ ವರುಷವು ಮುಗಿಯುವಾಗ ಹೊಸದೊಂದೂ ಸೇವೆಗೆ ಸೇರಿರಲಿಲ್ಲ. ಹಳೆಯವು ಎಂಟಕ್ಕಿಂತಲೂ ಕಡಮೆಯಾಗಿದ್ದವು.