ರಾತ್ರಿ ಊಳಿಡೋದು ನರಿಯೋ ತೋಳವೋ? ಮೊದಲು ಕೇಳಿಸಿಕೊಳ್ಳಿ, ಕರೆಯೋಕೆ ಹೋಗಬೇಡಿ



ಯೂಟ್ಯೂಬಿನಲ್ಲಿ ಅಮೆರಿಕದ ಬೇಟೆಗಾರರ ವಿಡಿಯೊಗಳನ್ನು ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಅಲ್ಲಿ ಕೊಯೋಟಿ ಅಂತ ಒಂದು ಪ್ರಾಣಿ ಇದೆ, ನಮ್ಮ ನರಿಯ ಹತ್ತಿರದ ಸಂಬಂಧಿ. ರಾತ್ರಿ ಹೊತ್ತು ಸ್ಪೀಕರಿನಲ್ಲಿ ಅದರ ಊಳು ಹಾಕ್ತಾರೆ. ಎಲ್ಲಿಂದ ಉತ್ತರ ಬರುತ್ತೋ ಅಲ್ಲಿ ಹಿಂಡು ಇದೆ ಅಂತ ಲೆಕ್ಕ. ಆಮೇಲೆ ಗಾಯಗೊಂಡ ಮೊಲದ ಕೂಗು ಹಾಕಿ ಹತ್ತಿರಕ್ಕೆ ಕರೆಸಿ ಗುಂಡು ಹೊಡೀತಾರೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆ ಇದೆ.

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಕುರಿ ಸಾಕುವ ಹುಡುಗರು ಈ ವಿಡಿಯೊ ನೋಡಿ, "ಅಣ್ಣಾ, ನಾವೂ ಹಿಂಗೆ ಕರೆಸಿ ಓಡಿಸಬಹುದಲ್ವಾ?" ಅಂತ ಕೇಳ್ತಾರೆ. ನಾನು ತೋಟಗಾರಿಕೆ ಬಿಎಸ್ಸಿ ಓದಿ ಸಾವಯವ ಕೃಷಿಗೆ ಬಂದವನು, ಬೇಟೆಗಾರ ಅಲ್ಲ. ಆದರೆ ಈ ಕರೆಯುವ ಕೆಲಸ ಒಂದು ಸಲ ಮಾಡಿದ್ದೀನಿ. ಅದರಿಂದ ಆದ ನಷ್ಟ ಮತ್ತು ಕಲಿತ ಪಾಠ, ಎರಡನ್ನೂ ಈ ವಾರ ಬರೀತಿದ್ದೀನಿ.

ಆವತ್ತು ಏನಾಯ್ತು

ರಾಗಿ ಕೊಯ್ದ ಮೇಲೆ ನನ್ನ ಎರಡು ಎಕರೆ ಖಾಲಿ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದ್ದೆ. ದಾಳಿಂಬೆ ನೆಡಬೇಕಿತ್ತು. ಕುರಿ ಹಿಕ್ಕೆ, ಗಂಜಲ ಬಿದ್ದ ನೆಲಕ್ಕಿಂತ ಒಳ್ಳೆ ನೆಲ ಬೇಕಾ? ಸುಮಾರು 140 ಕುರಿ. ಸುತ್ತ ನೂಲಿನ ಬಲೆ, ಎಳೆ ಮರಿಗಳಿಗೆ ಮಂಕರಿ. ಕುರಿಗಳ ಜೊತೆ ಎಪ್ಪತ್ತು ದಾಟಿದ ಒಬ್ಬ ತಾತ, ಅವರ ಮೊಮ್ಮಗ.

ಎರಡನೇ ರಾತ್ರಿ ಹುಟ್ಟಿದ ಮರಿ ಒಂದು ಕಾಣೆಯಾಯ್ತು. ನಾಲ್ಕನೇ ರಾತ್ರಿ ಇನ್ನೆರಡು ಮರಿ ಸತ್ತು ಬಿದ್ದಿದ್ದವು. ಊರಿನ ಹುಡುಗರು ಸೇರಿಕೊಂಡ್ರು. ಎಲ್ಲರ ಬಾಯಲ್ಲೂ ಒಂದೇ ಮಾತು, ನರಿ. ಒಬ್ಬ ಸತ್ತ ಮರಿಗೆ ವಿಷ ಸವರಿ ಇಡೋಣ ಅಂದ. ನಾನು ಬೇಡ ಅಂದೆ. ಬೇಡ ಅಂದವನು ಅಷ್ಟಕ್ಕೇ ಸುಮ್ಮನಿರಲಿಲ್ಲ. "ಮೊದಲು ಎಲ್ಲಿವೆ ಅಂತ ನೋಡೋಣ" ಅಂತ ಬ್ಲೂಟೂತ್ ಸ್ಪೀಕರ್ ತಂದೆ.

ಸಂಜೆ ಏಳೂವರೆಗೆ ನರಿ ಊಳು ಹಾಕಿದೆ. ಒಂದೇ ನಿಮಿಷದಲ್ಲಿ ಕೆರೆ ಕಡೆಯಿಂದ ಒಂದು ಗುಂಪು, ಗುಡ್ಡದ ಕಡೆಯಿಂದ ಒಂದು ಗುಂಪು ಉತ್ತರ ಕೊಟ್ಟವು. ನಮಗೆಲ್ಲ ಭಾರೀ ಖುಷಿ. ಹತ್ತು ಗಂಟೆ ಹೊತ್ತಿಗೆ ಹುಮ್ಮಸ್ಸಿನಲ್ಲಿ ತೋಳದ ಊಳು ಹುಡುಕಿ ಪೂರ್ತಿ ಸೌಂಡ್ ಕೊಟ್ಟೆ.

ತೋಳ ಬರಲಿಲ್ಲ. ಆದರೆ 140 ಕುರಿ ಒಂದೇ ಸಲ ಬೆದರಿ ಒಂದು ಮೂಲೆಗೆ ನುಗ್ಗಿದವು. ಬಲೆ ಗೂಟ ಸಮೇತ ಕಿತ್ತು ಬಂತು. ಕೆಳಗೆ ಬಿದ್ದ ಒಂದು ಗಬ್ಬದ ಕುರಿ ತುಳಿತಕ್ಕೆ ಸಿಕ್ಕಿ ಸತ್ತಿತು. ಎರಡು ದಿನ ಬಿಟ್ಟು ಇನ್ನೊಂದು ಕುರಿ ಕಂದು ಹಾಕಿತು. ಚೆಲ್ಲಾಪಿಲ್ಲಿಯಾದ ಕುರಿ ಕೂಡಿಸೋ ಹೊತ್ತಿಗೆ ಬೆಳಗಾಗಿತ್ತು.

ತಾತ ಬೈಯಲಿಲ್ಲ. "ತೋಳ ಬಂದಿದ್ರೂ ಒಂದು ಮರಿ ಹೊತ್ಕಂಡು ಹೋಗದು. ನೀನು ಇಡೀ ಮಂದೇನೇ ಬೆದರಿಸ್ಬಿಟ್ಟೆ ಕಣಪ್ಪ" ಅಂದ್ರು ಅಷ್ಟೇ. ಸತ್ತ ಕುರಿಯ ದುಡ್ಡು ಕೊಟ್ಟೆ. ಕಂದು ಹಾಕಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ. ಬದಲಿಗೆ, "ನಾಳೆಯಿಂದ ನನ್ನ ಜೊತೆ ಕೂತ್ಕೊ, ಸುಮ್ನೆ ಕೇಳು" ಅಂದ್ರು. ಮುಂದೆ ಬರೆದಿರೋದರಲ್ಲಿ ಅರ್ಧ ಅವರು ಹೇಳಿಕೊಟ್ಟಿದ್ದು.

ದನಿ ಗುರುತಿಸೋದು ಹೇಗೆ?

*ನರಿ (ಗುಳ್ಳೆನರಿ):* ಒಂದು ನರಿ ಉದ್ದಕ್ಕೆ ಶುರು ಮಾಡುತ್ತೆ, ಉಳಿದವು ಕೀರಲು ದನಿಯಲ್ಲಿ ತುಂಡು ತುಂಡಾಗಿ ಸೇರಿಕೊಳ್ತವೆ. ಎರಡು ಮೂರೇ ಇದ್ದರೂ ಹತ್ತು ಇದ್ದಂತೆ ಕೇಳುತ್ತೆ. ಕತ್ತಲಾಗುವಾಗ ಮತ್ತು ಬೆಳಗಿನ ಜಾವ ಹೆಚ್ಚು. ಆಂಬುಲೆನ್ಸ್ ಸೈರನ್ ಕೇಳಿದರೂ ಉತ್ತರ ಕೊಡ್ತವೆ.

*ತೋಳ:* ಉದ್ದನೆಯ, ದಪ್ಪನೆಯ ಒಂದೇ ಎಳೆತ. ನಿಧಾನ ಏರಿ ನಿಧಾನ ಇಳಿಯುತ್ತೆ, ಕೀರಲು ಇರೋದಿಲ್ಲ. ಗಾಳಿ ಇಲ್ಲದ ರಾತ್ರಿ ಬಯಲಿನಲ್ಲಿ ಎರಡು ಮೂರು ಕಿಲೋಮೀಟರ್ ದೂರಕ್ಕೂ ಕೇಳುತ್ತೆ. ಪಾವಗಡ, ಶಿರಾದ ಬಯಲು ಮತ್ತು ಮಧುಗಿರಿ ತಾಲ್ಲೂಕು ಮೈದನಹಳ್ಳಿಯ ಹುಲ್ಲುಗಾವಲಿನಂಥ ಜಾಗ ಇವಕ್ಕೆ ಇಷ್ಟ. ಮೈದನಹಳ್ಳಿಯ 798 ಎಕರೆ 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ.

*ಬಯಲಿನ ಸಣ್ಣ ನರಿ:* ಬಾಲದ ತುದಿ ಕಪ್ಪು, ಮೈ ಬೆಕ್ಕಿಗಿಂತ ಸ್ವಲ್ಪ ದೊಡ್ಡದು. ಊಳಿಡೋದಕ್ಕಿಂತ ಚುಟುಕಾಗಿ ಮೂರು ನಾಲ್ಕು ಸಲ ಬೊಗಳೋದೇ ಹೆಚ್ಚು. ಇಲಿ, ಗೆದ್ದಲು, ಜೀರುಂಡೆ, ಬೋರೆಹಣ್ಣು ತಿನ್ನೋ ಪ್ರಾಣಿ. ದೊಡ್ಡ ಕುರಿಯ ತಂಟೆಗೆ ಬರೋದಿಲ್ಲ. ಕಡಲೆಕಾಯಿ ಹೊಲದಲ್ಲಿ ಇಲಿ ಹಿಡಿಯೋ ಇದು ನಮ್ಮ ಪಕ್ಷದ್ದು.

*ಚಿರತೆ:* ಮರಕ್ಕೆ ಗರಗಸ ಎಳೆದ ಹಾಗೆ ಒಂದೇ ಲಯದ ಗೊರಗೊರ ಸದ್ದು. ಕೊರಟಗೆರೆ, ಮಧುಗಿರಿಯ ಬಂಡೆ ಗುಡ್ಡಗಳ ಪಕ್ಕದ ಊರಿನವರಿಗೆ ಇದು ಗೊತ್ತಿರಲೇಬೇಕು. ಈ ಸದ್ದು ಕೇಳಿದರೆ ಒಬ್ಬರೇ ಹೊರಗೆ ಹೋಗಬೇಡಿ.

*ಬೀದಿ ನಾಯಿ:* ದಾಳಿ ಮಾಡುವಾಗ ಹೆಚ್ಚು ಸದ್ದೇ ಇರೋದಿಲ್ಲ. ಮೋಸ ಹೋಗೋದು ಇಲ್ಲೇ. ಊಳಿಟ್ಟಿದ್ದು ನರಿ, ಹಾಗಾಗಿ ಕೊಂದಿದ್ದೂ ನರಿ ಅಂತ ಅಂದುಕೊಳ್ತೀವಿ.

ಎರಡು ಮೊಬೈಲಿನಿಂದ ಜಾಗ ಹಿಡಿಯೋದು

ಪ್ರಾಣಿಯನ್ನು ಕರೆಯದೇನೇ ಅದು ಎಲ್ಲಿದೆ ಅಂತ ತಿಳಿಯಬಹುದು. ಇಬ್ಬರು ಬೇಕು, ಇಬ್ಬರ ಮೊಬೈಲಿನಲ್ಲೂ ಕಂಪಾಸ್ ಇರಬೇಕು.

1. ಇಬ್ಬರೂ ಕನಿಷ್ಠ ಅರ್ಧ ಕಿಲೋಮೀಟರ್ ದೂರದಲ್ಲಿ ಕೂತ್ಕೊಳ್ಳಿ. ಒಬ್ಬರು ನಿಮ್ಮ ಪಂಪ್‌ಹೌಸಿನಲ್ಲಿ, ಇನ್ನೊಬ್ಬರು ಪಕ್ಕದವರ ಶೆಡ್ಡಿನಲ್ಲಿ ಆಗಬಹುದು. ಮನೆಯಲ್ಲಿ ಹೇಳಿ ಹೋಗಿ, ಟಾರ್ಚ್ ಇರಲಿ.
2. ಕೂರುವ ಮೊದಲು ಮೊಬೈಲನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ ಕಂಪಾಸ್ ಸರಿಪಡಿಸಿಕೊಳ್ಳಿ. ಮೋಟರ್, ಕಬ್ಬಿಣದ ಕಂಬ, ಮ್ಯಾಗ್ನೆಟ್ ಇರೋ ಮೊಬೈಲ್ ಕವರ್ ಇದ್ದರೆ ದಿಕ್ಕು ತಪ್ಪು ತೋರಿಸುತ್ತೆ.
3. ಊಳು ಕೇಳಿದ ತಕ್ಷಣ ಆ ಕಡೆ ಮುಖ ಮಾಡಿ, ಎಷ್ಟು ಡಿಗ್ರಿ ಅಂತ ನೋಡಿ. ಗಂಟೆ ಜೊತೆಗೆ ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸಿ. ಕೂಗಾಡಬೇಡಿ.
4. ಬೆಳಿಗ್ಗೆ ಮ್ಯಾಪಿನ ಸ್ಕ್ರೀನ್‌ಶಾಟ್ ಮೇಲೆ ಇಬ್ಬರ ಜಾಗದಿಂದಲೂ ಆ ಡಿಗ್ರಿಗೆ ಗೆರೆ ಎಳೀರಿ. ಎರಡು ಗೆರೆ ಕೂಡುವ ಜಾಗದ ಆಸುಪಾಸಿನಲ್ಲಿ ಅವು ಇದ್ದವು ಅಂತ ಲೆಕ್ಕ.
5. ಒಂದು ರಾತ್ರಿ ಸಾಲದು, ಮೂರು ನಾಲ್ಕು ರಾತ್ರಿ ಮಾಡಿ. ಗಂಟೆ, ದಿಕ್ಕು, ಯಾವ ಪ್ರಾಣಿ, ಗಾಳಿ ಯಾವ ಕಡೆಯಿಂದ, ಇಷ್ಟನ್ನೂ ಬರೆದಿಡಿ.

ಒಂದು ಎಚ್ಚರಿಕೆ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಚನ್ನರಾಯನದುರ್ಗ, ಸಿದ್ದರಬೆಟ್ಟದಂಥ ಬರಿ ಬಂಡೆಯ ಪಕ್ಕ ಇದ್ದರೆ ದನಿ ಬಂಡೆಗೆ ಬಡಿದು ಮಾರ್ದನಿ ಕೊಡುತ್ತೆ. ಮೊದಲು ಕೇಳಿದ ದಿಕ್ಕನ್ನಷ್ಟೇ ಬರ್ಕೊಳ್ಳಿ. ಚಳಿಗಾಲದ ತಣ್ಣನೆ ರಾತ್ರಿಯಲ್ಲಿ ಸದ್ದು ದೂರ ಹರಿಯುತ್ತೆ, ಹಾಗಾಗಿ ಪಕ್ಕದಲ್ಲೇ ಇದೆ ಅನ್ನಿಸಿದ್ದು ಒಂದು ಕಿಲೋಮೀಟರ್ ಆಚೆ ಇರಬಹುದು.

ಜಾಗ ಗೊತ್ತಾಯ್ತು ಅಂತ ಅಲ್ಲಿಗೆ ಹೋಗಬೇಡಿ. ನಮ್ಮ ಕಡೆ ತೋಳ ಮರಿ ಹಾಕೋದು ಹೆಚ್ಚಾಗಿ ಚಳಿಗಾಲದಲ್ಲೇ. ಗೂಡಿನ ಹತ್ತಿರ ಜನ ಓಡಾಡಿದರೆ ತಾಯಿ ಮರಿಗಳನ್ನು ಬೇರೆ ಕಡೆ ಸಾಗಿಸುತ್ತೆ, ಅದು ನಿಮ್ಮ ರೊಪ್ಪದ ಹತ್ತಿರವೂ ಆಗಬಹುದು. ಕುರಿಯನ್ನು ಆ ಕಡೆ ಮೇಯಿಸದೆ ಇರೋದಕ್ಕೆ ಮಾತ್ರ ಈ ಮಾಹಿತಿ ಬಳಸಿ.

ನಮ್ಮ ನಾಲ್ಕು ರಾತ್ರಿಯ ಲೆಕ್ಕ

ನಾನು ಮತ್ತು ತಾತನ ಮೊಮ್ಮಗ ನಾಲ್ಕು ರಾತ್ರಿ ಹೀಗೆ ಕೂತೆವು. ನರಿಯ ಗೆರೆಗಳು ಪ್ರತಿ ಸಲ ಕೂಡಿದ್ದು ಕೆರೆ ಏರಿಯ ಕೆಳಗೆ. ಹಗಲು ದೂರದಿಂದ ನೋಡಿದರೆ ಅಲ್ಲಿ ಯಾರೋ ಕೋಳಿ ಅಂಗಡಿ ತ್ಯಾಜ್ಯ ಸುರಿದಿದ್ದರು. ನರಿಗಳಿಗೆ ಅಲ್ಲೇ ಊಟ.

ಮೂರನೇ ರಾತ್ರಿ ಮೂರೂವರೆ ಗಂಟೆಗೆ ಮಂದೆ ಕದಲಿತು. ಟಾರ್ಚ್ ಬಿಟ್ಟರೆ ನಾಲ್ಕು ನಾಯಿ. ಊರ ಕಡೆಯಿಂದ ಬಂದವು, ಅದೇ ತ್ಯಾಜ್ಯ ತಿಂದು ಬೆಳೆದವು. ಸತ್ತ ಎರಡು ಮರಿಗಳ ತೊಡೆ, ಪಕ್ಕೆ, ಕಿವಿಯಲ್ಲಿ ಎಲ್ಲೆಂದರಲ್ಲಿ ಕಚ್ಚಿದ ಗಾಯ ಇತ್ತು, ಮಾಂಸ ತಿಂದಿರಲಿಲ್ಲ. ಅದು ನಾಯಿಗಳ ಗುರುತು. ಮೊದಲು ಕಾಣೆಯಾದ ಮರಿಯ ಲೆಕ್ಕ ಬೇರೆ. ಬಲೆ ಕೆಳಗೆ ಒಂದು ಗೇಣು ಸಂದು ಇತ್ತು, ಆಚೆ ಬದುವಿನ ಹಸಿ ಮಣ್ಣಲ್ಲಿ ಒಂದೇ ಸಾಲಿನಲ್ಲಿ ಸಣ್ಣ ಹೆಜ್ಜೆ. ಅದು ನರಿ.

ಆವತ್ತು ವಿಷ ಇಟ್ಟಿದ್ದರೆ? ನರಿ, ನಾಯಿ, ಕಾಗೆ, ನನ್ನ ಮನೆ ಕಾಯುವ ನಾಯಿ, ಎಲ್ಲ ಸಾಯ್ತಿದ್ದವು. ಬಲೆಯ ಸಂದು ಮಾತ್ರ ಹಾಗೇ ಇರ್ತಿತ್ತು.

ಕಾನೂನು ಏನು ಹೇಳುತ್ತೆ?

ತೋಳ, ನರಿ, ಬಯಲಿನ ಸಣ್ಣ ನರಿ, ಕತ್ತೆಕಿರುಬ, ಚಿರತೆ, ಇವೆಲ್ಲ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯಲ್ಲಿ ನರಿಯನ್ನೂ ಅಲ್ಲಿಗೆ ಸೇರಿಸಿದರು, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬೇಟೆಗೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು, 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ. ಬೇಟೆ ಅಂದರೆ ಗುಂಡು ಹೊಡೆಯೋದು ಮಾತ್ರ ಅಲ್ಲ. ವಿಷ ಇಡೋದು, ಉರುಳು ಹಾಕೋದು, ಆಮಿಷ ಒಡ್ಡೋದು, ಇವುಗಳ ಪ್ರಯತ್ನವೂ ಬೇಟೆಯೇ. ಕೊಲ್ಲಲು, ಹಿಡಿಯಲು ಸ್ಪೀಕರ್ ಹಾಕಿ ಕರೆಸಿದರೂ ಅದೇ ಲೆಕ್ಕ. ಹಂದಿಗೆ ಅಂತ ಇಡೋ ಸಿಡಿಮದ್ದಿಗೂ ನಾಳೆ ನಿಮ್ಮ ಹಸುವೇ ಬಾಯಿ ಹಾಕಬಹುದು.

ತೋಳ ಎಣಿಸುವ ಸಂಶೋಧಕರೂ ಊಳು ಹಾಕಿ ಉತ್ತರ ಕೇಳ್ತಾರೆ ನಿಜ, ಆದರೆ ಅದು ಅರಣ್ಯ ಇಲಾಖೆಯ ಅನುಮತಿಯಿಂದ, ಕುರಿಮಂದೆ ಪಕ್ಕದಲ್ಲಿ ಅಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸರ್ಕಾರ ತೋಳಗಳಿಗೆ ಅಂತಲೇ ವನ್ಯಧಾಮ ಮಾಡಿದೆ. ಉಳಿದ ತೋಳಗಳಲ್ಲಿ ಹೆಚ್ಚಿನವು ಬದುಕ್ತಿರೋದು ನಮ್ಮಂಥವರ ಹೊಲ, ಕಾವಲುಗಳಲ್ಲೇ.

ರೊಪ್ಪ ಭದ್ರ ಮಾಡೋದು

- ಬಲೆಯ ಕೆಳ ಅಂಚಿಗೆ ಕಲ್ಲು ಹೇರಿ ಅಥವಾ ಗೂಟ ಹೊಡೆದು ನೆಲಕ್ಕೆ ಕೂರಿಸಿ. ಬೆರಳು ನಾಲ್ಕರಷ್ಟು ಸಂದೂ ಬೇಡ.
- ಕಾಯಂ ರೊಪ್ಪಕ್ಕೆ ಆರು ಅಡಿ ಎತ್ತರದ ಚೈನ್‌ಲಿಂಕ್ ಹಾಕಿ, ಒಂದು ಅಡಿ ಮಣ್ಣಿನೊಳಗೆ ಹೂಳಿ. ದುಡ್ಡಿಲ್ಲದಿದ್ದರೆ ಹೊರಗಡೆ ಜಾಲಿ ಮುಳ್ಳು ಒತ್ತಾಗಿ ಹಾಕಿ.
- ಚಿರತೆ ಇರೋ ಕಡೆ ಮೇಲ್ಗಡೆಯೂ ಮುಚ್ಚಿರಬೇಕು.
- ಎಳೆ ಮರಿಗಳ ಮಂಕರಿ ಮಂದೆಯ ನಡುವೆ ಇರಲಿ, ಅಂಚಿನಲ್ಲಿ ಬೇಡ. ಮಂಕರಿ ಮೇಲೆ ಕಲ್ಲು ಇಡಿ.
- ಕಾವಲು ನಾಯಿಗೆ ಮುಳ್ಳಿನ ಕೊರಳಪಟ್ಟಿ ಹಾಕಿ, ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸಿ.
- ಮಿಣುಕು ಸೋಲಾರ್ ದೀಪ ಇಟ್ಟರೆ ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ. ಒಂದೇ ಕಡೆ ಇದ್ದರೆ ಪ್ರಾಣಿಗಳು ಅದಕ್ಕೆ ಒಗ್ಗಿಕೊಳ್ತವೆ.
- ಸತ್ತ ಕುರಿ, ಕಸ, ಕೋಳಿ ತ್ಯಾಜ್ಯ ಬಯಲಿಗೆ ಎಸೀಬೇಡಿ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ.

ಕುರಿ ಸತ್ತರೆ

ಸತ್ತ ಕುರಿಯನ್ನು ಜಾಗದಿಂದ ಎತ್ತಬೇಡಿ. ದಿನಾಂಕ, ಜಾಗ ಬೀಳೋ ಹಾಗೆ ಜಿಪಿಎಸ್ ಕ್ಯಾಮೆರಾ ಆ್ಯಪಿನಲ್ಲಿ ಗಾಯ, ಹೆಜ್ಜೆ, ಕಿವಿಯ ಓಲೆಯ ಫೋಟೊ ತೆಗೀರಿ. ಹೆಜ್ಜೆ ಪಕ್ಕ ಬೆಂಕಿಪೊಟ್ಟಣ ಇಟ್ಟರೆ ಅಳತೆ ಗೊತ್ತಾಗುತ್ತೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅವತ್ತೇ ಫೋನ್ ಮಾಡಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಕಾಡುಪ್ರಾಣಿ ಕೊಂದಿದ್ದು ಅಂತ ಖಚಿತವಾದರೆ ಪರಿಹಾರಕ್ಕೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಿ. ವಿಷ ಹಾಕಿದವರಿಗೆ ಪರಿಹಾರ ಇಲ್ಲ, ಕೇಸು.

ಹಗಲಲ್ಲೇ ಹೆದರಿಕೆ ಇಲ್ಲದೆ ಜನರ ಮೇಲೆ ಬರೋ ನರಿ, ತೋಳ, ನಾಯಿಗೆ ರೇಬೀಸ್ ಇರಬಹುದು. ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ಗಾಯ ತೊಳೆದು ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ನಾಟಿ ಔಷಧಿ ಅಂತ ಹೊತ್ತು ಕಳೀಬೇಡಿ.

ಬಲೆಯ ಸಂದು ಮುಚ್ಚಿದ ಮೇಲೆ, ಪಂಚಾಯಿತಿಗೆ ಹೇಳಿ ಕೆರೆ ಪಕ್ಕದ ತ್ಯಾಜ್ಯ ತೆಗೆಸಿದ ಮೇಲೆ ಮಂದೆ ಇನ್ನೂ ಹನ್ನೊಂದು ರಾತ್ರಿ ನನ್ನ ಹೊಲದಲ್ಲಿತ್ತು. ಒಂದು ಮರಿಯೂ ಹೋಗಲಿಲ್ಲ. ನರಿಗಳು ದಿನಾ ಸಂಜೆ ಊಳಿಡ್ತಾನೇ ಇದ್ದವು. ಈ ವರ್ಷವೂ ಮಂದೆ ತರ್ತೀನಿ ಅಂತ ತಾತ ಹೇಳಿದ್ದಾರೆ, ಆದರೆ ಆ ಸ್ಪೀಕರ್ ಮನೇಲೇ ಇರಬೇಕು ಅಂತ ಷರತ್ತು ಹಾಕಿದ್ದಾರೆ.

ಈ ವಾರ ಒಂದು ರಾತ್ರಿ ನೀವೂ ಕೂತು ಕೇಳಿ, ದಿಕ್ಕು ಬರೆದಿಡಿ. ಮುಂದಿನ ವಾರ ಕುರಿ ನಿಲ್ಲಿಸಿದ ಹೊಲದಲ್ಲಿ ದಾಳಿಂಬೆ ಗುಂಡಿ ತಯಾರಿ ಹೇಗೆ ಅಂತ ನೋಡೋಣ.